ಬಂಡೆ ಏರುವ ವಿದ್ಯೆ: ಹೊಸಬರು ಎಡವುವುದೆಲ್ಲಿ?

ಮುಂಬ್ರಾ ನಿಲ್ದಾಣವನ್ನು ಹಾದುಹೋಗುವ ಲೋಕಲ್ ಗಾಡಿಯಲ್ಲಿ ಕಿಟಕಿಯ ಬಳಿ ಸ್ಥಳ ದೊರೆತ ಭಾಗ್ಯಶಾಲಿಗಳಿಗೆ ಒಂದು ಬದಿಗೆ ಖಾಡಿಯ ನೀರೂ ಇನ್ನೊಂದು ಬದಿಗೆ ಕಪ್ಪು ಬಂಡೆಗಳ ಗುಡ್ಡವೂ ಕಾಣಿಸುತ್ತವೆ. ಡೊಂಬಿವಲಿ, ಕಲ್ಯಾಣಗಳಿಂದ ಪ್ರತಿದಿನ ಕಛೇರಿಗೆ ಹೋಗಿಬರುವ ಕನ್ನಡಿಗರ ಪಾಲಿಗೆ ಅದು ಮುಂಬ್ರಾದೇವಿಯ ಗುಡಿಯಿರುವ ಗುಡ್ಡ. ಅದಕ್ಕಿಂತ ಹೆಚ್ಚಿನ ಗಮನ ಅದರತ್ತ ಹರಿಯುವುದು ವಿರಳ. ಆದರೆ ಚಳಿಗಾಲದ ಆದಿತ್ಯವಾರಗಳಂದು ಅದೇ ಗುಡ್ಡದ ಬಂಡೆಗಳ ಬುಡದಲ್ಲಿ, ಬೇಲಾಪುರದ ಗುಡ್ಡದ ಮಗ್ಗುಲಲ್ಲಿ, ಬದ್ಲಾಪುರದಾಚೆಯ ಚಂದೇರಿಯ ಇಳಿಜಾರಿನಲ್ಲಿ ಹಗ್ಗ, ಶಿರಸ್ತ್ರಾಣಗಳನ್ನು ಹೊತ್ತ ತರುಣ ತರುಣಿಯರು ನೆರೆಯುತ್ತಾರೆ. ಅವರಲ್ಲಿ ಕನ್ನಡ ಮನೆಗಳ ಮಕ್ಕಳೂ ಇದ್ದಾರೆ. ಮಗನೋ ಮಗಳೋ ಶನಿವಾರ ರಾತ್ರಿ "ನಾಳೆ ಬಂಡೆ ಹತ್ತಲು ಹೋಗುತ್ತೇನೆ" ಎಂದಾಗ ತಾಯಿಯ ಬಾಯಿಂದ ಮೊದಲು ಬರುವ ಮಾತು "ಕೈ ಜಾರಿದರೆ ಗತಿಯೇನು?" ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವಿದ್ಯೆಯನ್ನು ಬಲ್ಲವರು ಅದನ್ನು ಸ್ವಲ್ಪ ತಿದ್ದಿ ಕೇಳುತ್ತಾರೆ: ಕೈ ಎಂದಾದರೊಂದು ದಿನ ಜಾರುವುದು ನಿಶ್ಚಿತ, ಜಾರಿದಾಗ ಹಿಡಿಯಬೇಕಾದ ಏರ್ಪಾಡನ್ನು ಯಾರು, ಎಷ್ಟು ಸಲ ಪರೀಕ್ಷಿಸಿದ್ದಾರೆ?

ಶಿಲಾರೋಹಣವು ಪರದೇಶದಿಂದ ಬಂದ ಹುಚ್ಚೆಂದು ಭಾವಿಸಬೇಕಾಗಿಲ್ಲ. 1670ರಲ್ಲಿ ತಾನಾಜಿಯ ಭಟರು ಉಡಕ್ಕೆ ಹಗ್ಗ ಕಟ್ಟಿ ಸಿಂಹಗಡವನ್ನು ಏರಿದರೆಂಬ ಐತಿಹ್ಯವನ್ನು ಮಹಾರಾಷ್ಟ್ರದ ಶಾಲಾ ಬಾಲಕರೆಲ್ಲ ಬಲ್ಲರು. ಕರ್ನಾಟಕದ ಮುಧೋಳ, ಸಂಡೂರು ಸಂಸ್ಥಾನಗಳನ್ನಾಳಿದ ಘೋರ್ಪಡೆ ಮನೆತನದ ಹೆಸರಿನ ಹಿಂದೆಯೂ ಇಂಥದೇ ಉಡದ ಕಥೆಯಿದೆ. ಮರಾಠಿಯ 'ಘೋರ್ಪಡ್' ಕನ್ನಡದ ಉಡವೇ. ಕ್ರೀಡೆಯ ರೂಪದಲ್ಲಿ ಈ ವಿದ್ಯೆ ಬೆಳೆದದ್ದು ಸ್ವಾತಂತ್ರ್ಯಾನಂತರ. 1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಗೊಂಡಿತು. ಅದೇ ವರ್ಷ ಮುಂಬಯಿಯಲ್ಲಿ 'ಗಿರಿವಿಹಾರ' ಸಂಸ್ಥೆ ಹುಟ್ಟಿತು. 2016 ಮತ್ತು 2017ರಲ್ಲಿ ಶಿಲಾರೋಹಣದ ವಿಶ್ವಕಪ್ ಸ್ಪರ್ಧೆಯ ಒಂದೊಂದು ಸುತ್ತು ನವಿ ಮುಂಬಯಿಯಲ್ಲಿಯೇ ಜರುಗಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಅದಕ್ಕೆ ಮೊತ್ತಮೊದಲ ಬಾರಿಗೆ ಪದಕದ ಮನ್ನಣೆ ದೊರೆಯಿತು. ಹೀಗೆ ಗೌರವ ಬಂದಂತೆ ಹೊಸಬರೂ ಹೆಚ್ಚಿದ್ದಾರೆ, ಹೊಸಬರೊಡನೆ ಹಳೆಯ ತಪ್ಪುಗಳೂ ಮರಳಿ ಬರುತ್ತಿವೆ.

ಮೊದಲನೆಯ ತಪ್ಪು ತೋಳನ್ನು ನಂಬುವುದು. ಬಂಡೆಯ ಮುಂದೆ ನಿಂತ ಹೊಸಬನು ಮೇಲೆ ನೋಡುತ್ತಾನೆ, ಕೈಗೆ ಹಿಡಿತ ಹುಡುಕುತ್ತಾನೆ, ಸಿಕ್ಕ ಹಿಡಿತಕ್ಕೆ ಜೋತುಬಿದ್ದು ದೇಹವನ್ನು ಮೇಲಕ್ಕೆಳೆಯುತ್ತಾನೆ. ವ್ಯಾಯಾಮಶಾಲೆಯಲ್ಲಿ ಭುಜ ಬೆಳೆಸಿದವನಂತೂ ಇದನ್ನು ತನ್ನ ಹಕ್ಕೆಂದೇ ತಿಳಿಯುತ್ತಾನೆ. ಹದಿನೈದು ಅಡಿ ಏರುವಷ್ಟರಲ್ಲಿ ಮುಂಗೈ ಕಲ್ಲಿನಂತೆ ಗಟ್ಟಿಯಾಗಿ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಕಾರಣ ಸರಳ. ಸ್ನಾಯು ಸಡಿಲಗೊಳ್ಳದೆ ಬಿಗಿದೇ ಇದ್ದರೆ ಅದರೊಳಗಿನ ರಕ್ತನಾಳಗಳು ಒತ್ತಲ್ಪಡುತ್ತವೆ. ಹೊಸ ರಕ್ತ ಬರುವ ದಾರಿಯೂ ಶ್ರಮದಿಂದುಂಟಾದ ಕಲ್ಮಷ ಹೊರಹೋಗುವ ದಾರಿಯೂ ಏಕಕಾಲಕ್ಕೆ ಮುಚ್ಚುತ್ತವೆ. ಬೆರಳನ್ನು ಬಿಗಿಯುವ ಮುಂಗೈ ಸ್ನಾಯುಗಳು ಚಿಕ್ಕವು, ಬೇಗ ದಣಿಯುವಂಥವು. ತೊಡೆಯ ಸ್ನಾಯುಗಳಾದರೋ ದೇಹದ ಭಾರವನ್ನು ದಿನವಿಡೀ ಹೊರುವುದಕ್ಕೆಂದೇ ನಿರ್ಮಿತವಾದವು. ಲಿಫ್ಟ್ ಕೆಟ್ಟ ದಿನ ನಾಲ್ಕನೆಯ ಮಹಡಿಗೆ ತರಕಾರಿ ಚೀಲ ಹೊತ್ತು ಏರುವ ಗೃಹಿಣಿ ಕಾಲಿನಿಂದ ಏರುತ್ತಾಳೆ. ಕೈ ಕಟಕಟೆಯನ್ನು ಮುಟ್ಟಿರುತ್ತದೆ, ಅಷ್ಟೆ. ಮಲೆನಾಡಿನ ಕೊನೆಗೌಡ ಕಾಲಿಗೆ ಕುಣಿಕೆ ಹಾಕಿಕೊಂಡು ಅಡಿಕೆ ಮರವೇರುವುದನ್ನು ಊರಿನಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಅವನ ಕೈಗಳು ಮರವನ್ನು ಬಳಸಿ ಹಿಡಿದಿರುತ್ತವೆ, ಮೇಲೇರಿಸುವ ಕೆಲಸ ಕಾಲಿನದು. ಬಂಡೆಯಲ್ಲಿಯೂ ತೋಳು ನೀಳವಾಗಿ ಚಾಚಿರಬೇಕು, ಭಾರ ಮೂಳೆಯ ಮೇಲೆ ಬೀಳಬೇಕು, ಅನುಕೂಲ ದೊರೆತಲ್ಲೆಲ್ಲ ಒಂದೊಂದೇ ಕೈಯನ್ನು ಇಳಿಬಿಟ್ಟು ಕೊಡವಬೇಕು.

ಕಾಲನ್ನು ನಂಬಲಾರದವನು ಕಾಲನ್ನು ನೋಡುವುದೂ ಇಲ್ಲ. ದೃಷ್ಟಿ ಸದಾ ಮೇಲಿನ ಹಿಡಿತದ ಮೇಲಿದ್ದು, ಪಾದ ಬಂಡೆಯ ಮೇಲೆ ಕುರುಡಾಗಿ ತಡಕಾಡುತ್ತದೆ. ಸಿಕ್ಕ ಅಂಚಿನ ಮೇಲೆ ಅಂಗಾಲಿನ ನಡುಭಾಗವನ್ನೋ, ಅದಕ್ಕಿಂತ ಕೆಟ್ಟದಾಗಿ ಮೊಣಕಾಲನ್ನೋ ಊರಲಾಗುತ್ತದೆ. ಹೆಬ್ಬೆರಳಿನ ಬುಡದ ಅಂಚನ್ನು ಊರಿದರೆ ಪಾದವನ್ನು ಎತ್ತ ಬೇಕಾದರೂ ತಿರುಗಿಸಬಹುದು. ಒಮ್ಮೆ ಊರಿದ ಮೇಲೆ ಅಲುಗಿಸಕೂಡದು. ಸಂಜೆಯ ಓಟಕ್ಕೆ ತಂದ ದಪ್ಪ ಅಟ್ಟೆಯ ಬೂಟು ಇಲ್ಲಿ ನಿರುಪಯೋಗಿ; ಬಂಡೆ ಏರುವ ಬೂಟಿನ ಅಟ್ಟೆ ತೆಳು ರಬ್ಬರಿನದು, ಪಾದಕ್ಕೆ ಬಿಗಿಯಾಗಿ ಕೂರುವಂಥದು. ಬಿಗಿಯಾದಷ್ಟೂ ಒಳ್ಳೆಯದೆಂದು ಎರಡು ಅಳತೆ ಚಿಕ್ಕದನ್ನು ಕೊಂಡು ಉಗುರು ಕಪ್ಪಾಗಿಸಿಕೊಳ್ಳುವುದೂ ಹೊಸಬರ ಲಕ್ಷಣವೇ.

ಕರ್ನಾಟಕದಲ್ಲಿ ರಜೆ ಕಳೆದು ಬಂದ ಮಕ್ಕಳಿಗೆ ಇನ್ನೊಂದು ಎಚ್ಚರ ಅಗತ್ಯ. 'ಶೋಲೆ' ಚಿತ್ರದಿಂದ ಖ್ಯಾತವಾದ ರಾಮನಗರದ ಬಂಡೆಗಳು ಗ್ರಾನೈಟ್ ಶಿಲೆಯವು. ಆ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಒರಟಾದ ಅಖಂಡ ಶಿಲೆಯಾದ್ದರಿಂದ ಹಿಡಿತವಿಲ್ಲದ ಇಳಿಜಾರಿನಲ್ಲಿಯೂ ಬೂಟಿನ ರಬ್ಬರು ಅಂಟಿದಂತೆ ನಿಲ್ಲುತ್ತದೆ. ಸಹ್ಯಾದ್ರಿಯ ಕರಿಗಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಮೆಟ್ಟಿಲುಗಳಂತಹ ಅಂಚುಗಳು ಹೇರಳವಾಗಿ ಸಿಗುವುದರಿಂದ ಅದು ಸುಲಭವೆಂದು ತೋರುತ್ತದೆ. ಆದರೆ ಬಿರುಕುಗಳ ನಡುವೆ ಸಡಿಲಗೊಂಡ ತುಂಡುಗಳೂ ಅಷ್ಟೇ ಹೇರಳ. ರಾಮನಗರದಲ್ಲಿ ಕಲಿತವನು ಚಂದೇರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಹಿಡಿದೆಳೆದರೆ ಕಲ್ಲೇ ಕೈಗೆ ಬರುತ್ತದೆ. ಅಂಗೈಯಿಂದ ತಟ್ಟಿ ನೋಡಬೇಕು. ಗಟ್ಟಿ ಕಲ್ಲಿನ ಸದ್ದೇ ಬೇರೆ, ಪೊಳ್ಳು ಕಲ್ಲಿನ ಸದ್ದೇ ಬೇರೆ. ತೆಂಗಿನಕಾಯಿ ಕೊಳ್ಳುವವರಿಗೆ ಈ ಪರೀಕ್ಷೆ ಹೊಸದಲ್ಲ. ಅನುಮಾನವಿದ್ದ ಹಿಡಿತವನ್ನು ಕೆಳಮುಖವಾಗಿ ಒತ್ತಬಹುದು, ಹೊರಮುಖವಾಗಿ ಎಳೆಯಬಾರದು. ಕೆಳಗೆ ನಿಂತವರು ಶಿರಸ್ತ್ರಾಣ ಧರಿಸಬೇಕಾದುದೂ ಇದೇ ಕಾರಣಕ್ಕೆ. ಏರುವವನು ಮಾತ್ರ ಧರಿಸಿದರೆ ಸಾಕೆಂಬ ಭಾವನೆ ತಪ್ಪು.

ವೈದ್ಯರ ದೃಷ್ಟಿಯಿಂದ ಅತಿ ಹೆಚ್ಚು ಕಾಳಜಿ ಬೇಡುವ ಅಂಗ ಬೆರಳು. ಬೆರಳನ್ನು ಮಡಿಚುವ ನರದಂಥ ಸ್ನಾಯುರಜ್ಜು ಮೂಳೆಗೆ ಅಂಟಿಕೊಂಡೇ ಇರುವಂತೆ ಅಲ್ಲಲ್ಲಿ ಚಿಕ್ಕ ಪಟ್ಟಿಗಳು ಅದನ್ನು ಹಿಡಿದಿರುತ್ತವೆ. ಗಾಳಹಾಕುವ ಕೋಲಿನ ಉದ್ದಕ್ಕೂ ದಾರವನ್ನು ಹಿಡಿದಿಡುವ ಉಂಗುರಗಳಿದ್ದಂತೆ ಇವು. ಸಣ್ಣ ಅಂಚನ್ನು ಬೆರಳ ತುದಿಗಳಿಂದ ಕಚ್ಚಿ ಹಿಡಿದಾಗ ಭಾರವೆಲ್ಲ ಈ ಪಟ್ಟಿಗಳ ಮೇಲೆ ಬಿದ್ದು, ಅವು 'ಟಪ್' ಎಂಬ ಸದ್ದಿನೊಡನೆ ಹರಿಯುವುದುಂಟು. ಮೋಸವಿರುವುದು ಇಲ್ಲಿ: ಅಭ್ಯಾಸ ಹಿಡಿದ ಕೆಲವೇ ತಿಂಗಳಲ್ಲಿ ಸ್ನಾಯುಗಳು ಬಲಗೊಳ್ಳುತ್ತವೆ, ಸ್ನಾಯುರಜ್ಜುಗಳಿಗೂ ಪಟ್ಟಿಗಳಿಗೂ ಅದಕ್ಕಿಂತ ಬಹಳ ಹೆಚ್ಚಿನ ಕಾಲ ಬೇಕು. ಆದಕಾರಣ ಉತ್ಸಾಹ ಏರಿದ ಮೂರನೆಯ ನಾಲ್ಕನೆಯ ತಿಂಗಳೇ ಅಪಾಯದ ಕಾಲ. ಹದಿಹರೆಯದವರಲ್ಲಿ ಬೆರಳ ಮೂಳೆಯ ಬೆಳವಣಿಗೆಯ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ; ಬೆರಳ ನಡುಗಂಟಿನಲ್ಲಿ ನೋವು ಉಳಿದುಬಂದರೆ ಅದನ್ನು ಉಳುಕೆಂದು ಎಣ್ಣೆ ಹಚ್ಚಿ ತಿಕ್ಕದೆ ಮೂಳೆ ವೈದ್ಯರಿಗೆ ತೋರಿಸುವುದು ಅವಶ್ಯ. ಅಲಕ್ಷಿಸಿದರೆ ಬೆರಳು ಶಾಶ್ವತವಾಗಿ ಸೊಟ್ಟಗಾಗಬಹುದು. ಏರುವ ಮೊದಲು ಹದಿನೈದು ನಿಮಿಷ ಭುಜ, ಮಣಿಕಟ್ಟು, ಬೆರಳುಗಳಿಗೆ ಹದವಾದ ಚಲನೆ ಕೊಡುವುದು, ವಾರಕ್ಕೆ ಎರಡು ಮೂರು ದಿನ ಪೂರ್ಣ ವಿಶ್ರಾಂತಿ ಕೊಡುವುದು, ಉಂಗುರಗಳನ್ನು ಕಳಚಿಡುವುದು, ಈ ಮೂರರಲ್ಲಿ ಹೊಸಬರು ಪಾಲಿಸುವುದು ಬಹುಶಃ ಮೂರನೆಯದನ್ನು ಮಾತ್ರ. ಅದೂ ಉಂಗುರ ಬಂಗಾರದ್ದಾಗಿದ್ದರೆ.

ಈಗ ಹಗ್ಗದ ವಿಷಯ. ಮನೆಯ ಯಜಮಾನರು ಹಗ್ಗದ ಬೆಲೆ ಕೇಳಿ ಬೆಚ್ಚುವುದು ಸಹಜ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕಿಂತ ದಪ್ಪನಾದ ನೈಲಾನ್ ಹಗ್ಗ ಹತ್ತನೆಯ ಒಂದು ಪಾಲಿಗೆ ಸಿಗುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಉತ್ತರವಿಷ್ಟೆ. ಬೀಳುವ ದೇಹವನ್ನು ತಡೆಯುವ ಹಗ್ಗ ಹಿಗ್ಗಬೇಕು. ಹಿಗ್ಗದ ಹಗ್ಗ ತುಂಡಾಗದಿದ್ದರೂ ಅದರ ಜಗ್ಗು ಬೆನ್ನುಮೂಳೆಯನ್ನು ಘಾಸಿಗೊಳಿಸುತ್ತದೆ. ಶಿಲಾರೋಹಣದ ಒಂಟಿ ಹಗ್ಗಕ್ಕೆ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 80 ಕಿಲೋ ತೂಕವನ್ನು ಕಟ್ಟಿ ಕಠಿಣವಾಗಿ ಬೀಳಿಸುತ್ತಾರೆ. ಅದು ಕನಿಷ್ಠ ಐದು ಬೀಳುಗಳನ್ನು ತಾಳಬೇಕು, ಮೊದಲ ಬೀಳಿನ ಜಗ್ಗು 12 ಕಿಲೋನ್ಯೂಟನ್, ಎಂದರೆ ಸುಮಾರು 1,200 ಕಿಲೋ ತೂಕದ ಎಳೆತವನ್ನು, ಮೀರಕೂಡದು. ಎಷ್ಟು ಎತ್ತರದಿಂದ ಬಿದ್ದರೆಂಬುದೊಂದೇ ಜಗ್ಗನ್ನು ನಿರ್ಧರಿಸುವುದಿಲ್ಲ. ಬಿದ್ದ ದೂರವನ್ನು, ಆ ಹೊತ್ತಿಗೆ ಹೊರಬಿಟ್ಟಿರುವ ಹಗ್ಗದ ಉದ್ದದಿಂದ ಭಾಗಿಸಿ ನೋಡಬೇಕು. ಇಪ್ಪತ್ತು ಮೀಟರು ಹಗ್ಗ ಹೊರಬಿಟ್ಟಾಗ ನಾಲ್ಕು ಮೀಟರು ಬೀಳುವುದಕ್ಕೂ, ಎರಡೇ ಮೀಟರು ಹೊರಬಿಟ್ಟಾಗ ಅಷ್ಟೇ ದೂರ ಬೀಳುವುದಕ್ಕೂ ಅಜಗಜಾಂತರ. ವ್ಯಾಪಾರಸ್ಥನ ಸಾಲವನ್ನು ಅವನ ಬಂಡವಾಳದೊಡನೆ ಹೋಲಿಸಿ ನೋಡುವ ಕ್ರಮವೇ ಇದೂ: ಹತ್ತು ಸಾವಿರದ ಸಾಲ ಒಬ್ಬನಿಗೆ ಲೆಕ್ಕಕ್ಕಿಲ್ಲ, ಇನ್ನೊಬ್ಬನಿಗೆ ದಿವಾಳಿ. ಹಳೆಯ ಹಗ್ಗವನ್ನು ಅಗ್ಗಕ್ಕೆ ಕೊಳ್ಳುವುದು ಇನ್ನೂ ಕೆಟ್ಟದ್ದು. ಎಷ್ಟು ಬೀಳುಗಳನ್ನು ತಡೆದಿದೆ, ಯಾವ ಬ್ಯಾಟರಿಯ ಆಮ್ಲ ಅದರ ಮೇಲೆ ಚೆಲ್ಲಿದೆ ಎಂಬುದನ್ನು ತೋರಿಸುವ ಪಾಸ್‌ಬುಕ್ ಅದಕ್ಕಿರುವುದಿಲ್ಲ. ಬಂಡೆಯಲ್ಲಿ ಯಾರೋ ಹಿಂದೆ ಬಡಿದುಹೋದ ಮೊಳೆಗಳ ಮಾತೂ ಇದೇ. ಕೊಂಕಣದ ಮಳೆಯಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ.

ಹಗ್ಗವಾಗಲಿ, ಕ್ಯಾರಬೀನರ್ ಎಂಬ ಬಾಗಿಲುಳ್ಳ ಕೊಂಡಿಯಾಗಲಿ ತಾನಾಗಿ ಮುರಿದು ಅಪಘಾತವಾಗುವುದು ಅಪರೂಪ. ಕೊಂಡಿ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಾಳಬೇಕೆಂಬ ನಿಯಮವಿದೆ. ಆದರೆ ಅಡ್ಡಕ್ಕೆ ತಿರುಗಿದರೆ ಅದು 7 ಕಿಲೋನ್ಯೂಟನ್ ತಾಳಿದರೂ ನಿಯಮಕ್ಕೆ ಸಾಕು. ಬಾಗಿಲು ತೆರೆದೇ ಇದ್ದರೂ ಬಲ ಬಹಳ ಕುಗ್ಗುತ್ತದೆ. ಅಂದರೆ ವಸ್ತು ಒಳ್ಳೆಯದೇ, ನೋಡಿಕೊಳ್ಳದವನು ಮನುಷ್ಯ. 1989ರಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಬಂಡೆಯಲ್ಲಿ ಲಿನ್ ಹಿಲ್ ಎಂಬ ಅಮೇರಿಕದ ಮಹಿಳೆ ಅಭ್ಯಾಸಕ್ಕೆಂದು ತನಗೆ ಸುಲಭವಾದ ದಾರಿಯೊಂದನ್ನು ಏರಿದಳು. ಆಕೆ ಆ ಕಾಲದ ಜಗತ್ತಿನ ಶ್ರೇಷ್ಠ ಶಿಲಾರೋಹಿಗಳಲ್ಲೊಬ್ಬಳು. ಹಗ್ಗವನ್ನು ನಡುಪಟ್ಟಿಯ ಮೂಲಕ ತೂರಿಸಿದ್ದಳು, ಅಷ್ಟರಲ್ಲಿ ಗಮನ ಬೇರೆಡೆ ಹೋಗಿ ಗಂಟನ್ನು ಪೂರ್ತಿಗೊಳಿಸಿರಲಿಲ್ಲ. ಮೇಲಿನ ಅಂಗಿ ಅದನ್ನು ಮರೆಮಾಡಿತ್ತು. ತುದಿ ಮುಟ್ಟಿ, ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟಳು. 70 ಅಡಿಗಳಿಗೂ ಹೆಚ್ಚು ಆಳಕ್ಕೆ ಬಿದ್ದ ಆಕೆಯನ್ನು ಉಳಿಸಿದ್ದು ಕೆಳಗಿದ್ದ ಮರದ ಕೊಂಬೆಗಳು. ಚೇತರಿಸಿಕೊಂಡು 1993ರಲ್ಲಿ ಆಕೆ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ಮಾರ್ಗವನ್ನು, ಹಗ್ಗವನ್ನು ರಕ್ಷಣೆಗೆ ಮಾತ್ರ ಬಳಸಿ, ಕೈಕಾಲಿನ ಬಲದಿಂದಲೇ ಮೊತ್ತಮೊದಲಿಗೆ ಏರಿದಳೆಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು, ಅಷ್ಟು ಪರಿಣತೆಯ ಗಂಟನ್ನು ಅಂದು ಇನ್ನೊಬ್ಬರು ಪರೀಕ್ಷಿಸಿರಲಿಲ್ಲ ಎಂಬುದು.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಗಳಿರುತ್ತವೆ. ಒಂದು ಅಧಿಕಾರಿಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ಇಬ್ಬರೂ ಪ್ರಾಮಾಣಿಕರೇ, ಇಪ್ಪತ್ತು ವರ್ಷದ ಸ್ನೇಹಿತರೇ ಇರಬಹುದು. ಆದರೂ ಒಬ್ಬರ ಕೀಲಿಯಿಂದ ತಿಜೋರಿ ತೆರೆಯದು. ಇದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಬಂಡೆಯ ಬುಡದಲ್ಲಿಯೂ ಏರುವವನ ಗಂಟನ್ನು ಹಗ್ಗ ಕಾಯುವವನೂ, ಹಗ್ಗ ಕಾಯುವವನ ತಡೆ ಸಾಧನವನ್ನು ಏರುವವನೂ ಕೈಯಿಂದ ಮುಟ್ಟಿ ನೋಡುವ ಪದ್ಧತಿ ಇದೆ: ಎಂಟರ ಆಕಾರದ ಗಂಟು ಪೂರ್ತಿಯಾಗಿದೆಯೇ, ನಡುಪಟ್ಟಿಯ ಬಕಲ್ ಮಡಿಚಿ ಬಿಗಿದಿದೆಯೇ, ಕೊಂಡಿಯ ಬಾಗಿಲಿಗೆ ತಿರುಪು ಬಿದ್ದಿದೆಯೇ. ಹೊಸಬರು ಇದನ್ನು ಮೊದಲ ದಿನ ಶ್ರದ್ಧೆಯಿಂದ, ಹತ್ತನೆಯ ದಿನ ನಗುತ್ತ ಮಾಡುತ್ತಾರೆ. ಇಪ್ಪತ್ತನೆಯ ದಿನ ಬಿಟ್ಟುಬಿಡುತ್ತಾರೆ. ಹಗ್ಗ ಕಾಯುವವನ ಮುಖ್ಯ ತಪ್ಪು ತಡೆಯುವ ಕೈಯನ್ನು ಹಗ್ಗದಿಂದ ತೆಗೆಯುವುದು. ಮೊಬೈಲ್ ಬಾರಿಸಿದಾಗ, ಸೊಳ್ಳೆ ಕಚ್ಚಿದಾಗ, ಚಹಾ ಬಂದಾಗ ಆ ಕೈ ತಾನಾಗಿ ಸರಿಯುತ್ತದೆ. ಮಾತಿನ ಗೊಂದಲವೂ ಅಲ್ಪವಲ್ಲ. "ಬಿಡು" ಎಂಬ ಪದವನ್ನು ಹಗ್ಗ ಸಡಿಲಿಸಲೂ ಹೇಳಬಹುದು, ತಡೆ ತೆಗೆಯಲೂ ಹೇಳಬಹುದು. ಗಾಡಿಯ ಸಿಳ್ಳು, ಗಾಳಿ, ಪಕ್ಕದ ತಂಡದ ಕೂಗು ಇವುಗಳ ನಡುವೆ ಒಬ್ಬ ಮರಾಠಿಯಲ್ಲಿ, ಇನ್ನೊಬ್ಬ ಹಿಂದಿಯಲ್ಲಿ ಕೂಗಿದರೆ ಅನರ್ಥವಾದೀತು. ಏರುವ ಮೊದಲೇ ನಾಲ್ಕು ಪದಗಳನ್ನು ಗೊತ್ತುಮಾಡಿಕೊಂಡು, ಅವುಗಳ ಮುಂದೆ ಹೆಸರನ್ನೂ ಸೇರಿಸಿ ಕೂಗುವುದು ಕ್ಷೇಮ.

ಋತುವಿನ ವಿಷಯದಲ್ಲಿ ಹೊಸಬರ ಲೆಕ್ಕ ತಲೆಕೆಳಗು. ಜೂನ್ ತಿಂಗಳಲ್ಲಿ ಬೆಟ್ಟ ಹಸಿರಾದೊಡನೆ ಉತ್ಸಾಹ ಉಕ್ಕುತ್ತದೆ. ಬಂಡೆಗೆ ಪಾಚಿ ಹಿಡಿಯುವುದೂ, ಪದರಗಳ ನಡುವೆ ನೀರಿಳಿದು ಕಲ್ಲು ಮಣ್ಣು ಸಡಿಲವಾಗುವುದೂ ಆಗಲೇ. ಶಿಲಾರೋಹಿಗಳು ಬಲ್ಲ ಇರ್ಶಾಳಗಡದ ಮಗ್ಗುಲಿನ ಇರ್ಶಾಳವಾಡಿಯ ಮೇಲೆ 2023ರ ಜುಲೈ 19ರ ರಾತ್ರಿ ಗುಡ್ಡ ಜರಿದು ಬಿದ್ದುದನ್ನು ಈ ಭಾಗದವರು ಮರೆತಿರಲಾರರು. ಬಂಡೆಗೆ ತಕ್ಕ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ. ಅನಂತರ ಕರಿಗಲ್ಲು ಬೆಳಗಿನ ಹತ್ತು ಗಂಟೆಗೇ ಕಾದು, ಅಂಗೈ ಬೆವರಿ ಹಿಡಿತ ಜಾರುತ್ತದೆ, ದೇಹದ ನೀರೂ ಉಪ್ಪೂ ಇಳಿಯುತ್ತವೆ. ನೀರಡಿಕೆಯಾಗುವ ಮೊದಲೇ ನಿಂಬೆ, ಉಪ್ಪು, ಸಕ್ಕರೆ ಬೆರೆತ ನೀರು ಕುಡಿಯುತ್ತಿರಬೇಕು. ಕಡಿದಾದ ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಸುಗಂಧ ದ್ರವ್ಯ ಪೂಸಿಕೊಂಡು ಹೋಗುವುದು, ಬುಡದಲ್ಲಿ ಬೆಂಕಿ ಹಾಕುವುದು, ಗೂಡನ್ನು ಕಂಡೂ ಆ ದಾರಿಯನ್ನೇ ಹಿಡಿಯುವುದು, ಇವೆಲ್ಲ ಹಗ್ಗದಲ್ಲಿ ನೇತಾಡುವವನಿಗೆ ಪ್ರಾಣಾಂತಿಕ, ಆತ ಓಡಲಾರ.

ಏರಿದವನು ಇಳಿಯಬೇಕು. ಈ ಅರ್ಧವನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಸನಗಾಂವದ ಬಳಿಯ ಮಾಹುಲಿಯಲ್ಲಿ ನವರಾ, ನವರೀ, ಭಟಜಿ, ಎಂದರೆ ಮದುಮಗ, ಮದುಮಗಳು, ಪುರೋಹಿತ ಎಂಬ ಹೆಸರಿನ ಕೋಡುಗಲ್ಲುಗಳಿವೆ. ಇಂಥ ಕೋಡಿನ ತುದಿಯಲ್ಲಿ ಫೋಟೋ ತೆಗೆಯುವಾಗ ಕೆಲಸ ಮುಗಿಯಿತೆನಿಸುತ್ತದೆ. ಆಗ ದೇಹ ದಣಿದಿರುತ್ತದೆ, ಬಿಸಿಲು ಇಳಿದಿರುತ್ತದೆ, ಮನಸ್ಸು ಕಸಾರಾ ಲೈನಿನ ಗಾಡಿಯ ವೇಳೆಯನ್ನು ಎಣಿಸುತ್ತಿರುತ್ತದೆ. ಹಗ್ಗದಿಂದ ಜಾರಿ ಇಳಿಯುವ ರಾಪೆಲಿಂಗ್‌ನಲ್ಲಿ ಹಗ್ಗದ ತುದಿಗೆ ಗಂಟು ಹಾಕದೆ ಇಳಿದು, ಹಗ್ಗ ನೆಲ ಮುಟ್ಟಿಲ್ಲವೆಂಬುದು ತಿಳಿಯುವಷ್ಟರಲ್ಲಿ ತುದಿಯಿಂದಾಚೆ ಜಾರಿದವರುಂಟು. ಎರಡು ಗಂಟು, ಎರಡು ನಿಮಿಷ. ಕೋಡುಗಲ್ಲಿನ ಚೂಪಾದ ಅಂಚಿಗೆ ಹಗ್ಗ ಉಜ್ಜದಂತೆ ಬಟ್ಟೆ ಹಾಸುವುದಕ್ಕೆ ಇನ್ನೊಂದು ನಿಮಿಷ. ಕಲ್ಯಾಣದ ಕಡೆಯಿಂದ ಕಾಣುವ ಮಲಂಗಗಡದ ಮೇಲಿನ ಕೋಟೆಗೆ ಹೋಗುವಲ್ಲಿ ಕಡಿದಾದ ಕಂದರವನ್ನು ಕಬ್ಬಿಣದ ಕೊಳವೆಯ ಆಸರೆಯಿಂದ ದಾಟುವ ಜಾಗವಿದೆ. ಮುಂದಿನವನು ಹಗ್ಗವಿಲ್ಲದೆ ದಾಟಿದನೆಂದು ಹಿಂದಿನವನೂ ದಾಟುವುದನ್ನು ಧೈರ್ಯವೆನ್ನಲಾಗದು. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ಚಲನಚಿತ್ರ ತುಣುಕುಗಳನ್ನು ಮನೆಮನೆಗಳಲ್ಲಿ ನೋಡುತ್ತಾರೆ. ತೆರೆಯ ಮೇಲೆ ಕಾಣುವುದು ಮೂರು ನಿಮಿಷ, ಅದೇ ಗೋಡೆಗಳಲ್ಲಿ ಅವರು ಸವೆಸಿದ ವರ್ಷಗಳು ಕಾಣುವುದಿಲ್ಲ.

ರಕ್ತದೊತ್ತಡ, ಹೃದ್ರೋಗ, ಅಪಸ್ಮಾರ ಉಳ್ಳವರು, ಈಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರ ಅನುಮತಿಯಿಲ್ಲದೆ ಹಗ್ಗ ಮುಟ್ಟಕೂಡದು. ಅಪಘಾತವಾದಾಗ ಗಾಯಾಳುವನ್ನು ಕೈಕಾಲು ಹಿಡಿದೆತ್ತಿ ರಿಕ್ಷಾಕ್ಕೆ ತುಂಬುವ ಆತುರವೇ ಎರಡನೆಯ ಅಪಘಾತ: ಬೆನ್ನು ಕುತ್ತಿಗೆಗಳಿಗೆ ಪೆಟ್ಟಾಗಿದ್ದರೆ ಆ ಒಂದು ಎಳೆತದಿಂದ ಜನ್ಮವಿಡೀ ಅಂಗವಿಕಲನಾಗಬಹುದು. ಅಲುಗಿಸದೆ, ರಕ್ತ ಸೋರುವಲ್ಲಿ ಒತ್ತಿ ಹಿಡಿದು, 108 ಅಥವಾ 112ಕ್ಕೆ ಕರೆ ಮಾಡಬೇಕು. ಒಂದೇ ಒಂದು ಅಪವಾದವಿದೆ. ಎಚ್ಚರತಪ್ಪಿ ಹಗ್ಗದಲ್ಲಿ ನೇತಾಡುತ್ತಿರುವವನನ್ನು ತಡಮಾಡದೆ ನೆಲಕ್ಕಿಳಿಸಬೇಕು. ನಿಶ್ಚಲವಾಗಿ ನೇತಾಡುವ ದೇಹದಲ್ಲಿ ರಕ್ತ ಕಾಲುಗಳಲ್ಲಿಯೇ ನಿಂತು ಪ್ರಾಣಾಪಾಯ ಒದಗುತ್ತದೆ.

ಮಕ್ಕಳನ್ನು ಕಳುಹಿಸುವ ಮೊದಲು ತಂದೆತಾಯಿಗಳು ಒಂದು ಬೆಳಿಗ್ಗೆ ತಾವೇ ಹೋಗಿ ನೋಡಬಹುದು. ಶಿಕ್ಷಕನು ಮೊದಲ ದಿನ ಮಕ್ಕಳನ್ನು ಎಷ್ಟು ಎತ್ತರಕ್ಕೆ ಏರಿಸಿದನೆಂಬುದಕ್ಕಿಂತ, ನೆಲದ ಮೇಲೆ ಎಷ್ಟು ಹೊತ್ತು ಗಂಟು ಕಟ್ಟಿಸಿದನೆಂಬುದನ್ನು ಗಮನಿಸಬೇಕು. "ಹಗ್ಗ ಯಾವ ವರ್ಷದ್ದು?" ಎಂದು ಕೇಳಿದರೆ ಅವನಿಗೆ ಸಿಟ್ಟು ಬಂದಲ್ಲಿ ಬೇರೊಬ್ಬ ಶಿಕ್ಷಕನನ್ನು ಹುಡುಕುವುದು ಲೇಸು. ಇನ್ನು ಸಂಜೆ ಮಗ ಮನೆಗೆ ಮರಳಿದ ಮೇಲೆ ಹಗ್ಗವನ್ನು ಸಾಬೂನಿನ ಪುಡಿಯಿಲ್ಲದೆ ತಣ್ಣೀರಿನಲ್ಲಿ ತೊಳೆದು, ಒಣಗಿಸುವಾಗ ಮೊಳ ಮೊಳ ಬೆರಳಾಡಿಸಿ, ಎಲ್ಲಿಯಾದರೂ ಮೆತ್ತಗಾಗಿದೆಯೇ, ಹೊರಹೆಣಿಗೆ ಕಿತ್ತಿದೆಯೇ ಎಂದು ನೋಡಬೇಕು. ಬಾಲ್ಕನಿಯ ತಂತಿಯ ಮೇಲೆ ಹಪ್ಪಳ ಸಂಡಿಗೆಗಳ ಜೊತೆಯಲ್ಲಿ ಬಿಸಿಲಿಗೆ ಹರಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಸಂಡಿಗೆಗೆ ಬಿಸಿಲು ಒಳ್ಳೆಯದು, ನೈಲಾನಿಗೆ ಒಳಗಿನ ಕೋಣೆಯ ನೆರಳೇ ಆಗಬೇಕು.